ಒಂದು ಬ್ರಾ ಕಲೆಕ್ಷನ್ ತಯಾರಾಗುವುದು ಹೇಗೆ? ಪ್ಯಾಟರ್ನ್ ಟೇಬಲ್ ಹತ್ತಿರ ಹದಿನಾಲ್ಕು ವರ್ಷ ನಿಂತವಳ ಅನುಭವ

ಸೂಜಿದಾರ

ಹೋದ ವಾರ ಇಲ್ಲಿ ಒಬ್ಬರು ಕೇಳಿದ್ದರು: "ಒಂದು ಬ್ರಾಗೆ ಎಂಟುನೂರು, ಸಾವಿರ ಯಾಕೆ? ಅಂಗೈಯಗಲ ಬಟ್ಟೆ ತಾನೆ?" ಅಲ್ಲೇ ಉತ್ತರ ಬರೆಯೋಕೆ ಕೂತೆ, ತುಂಬಾ ಉದ್ದ ಆಯಿತು. ಅದಕ್ಕೇ ಈ ಹೊಸ ಥ್ರೆಡ್.

ನಾನು ಬೆಂಗಳೂರಿನ ಒಂದು ಒಳಉಡುಪು ಕಂಪನಿಯ ಸ್ಯಾಂಪ್ಲಿಂಗ್‌ನಲ್ಲಿ, ಅಂದರೆ ಮೊದಲ ಮಾದರಿ ಪೀಸ್ ಮಾಡುವ ವಿಭಾಗದಲ್ಲಿ, ಹದಿನಾಲ್ಕು ವರ್ಷ ಇದ್ದೆ. ಮೊದಲು ಸ್ಯಾಂಪಲ್ ಟೈಲರ್, ಆಮೇಲೆ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಇಡುವ ಪೇಪರ್ ಆಕಾರ ತೆಗೆಯುವ ಕೆಲಸ. ಈಗ ಮನೆಯಲ್ಲೇ ನಾಲ್ಕು ಜನಕ್ಕೆ ಹೊಲಿಗೆ ಕಲಿಸುತ್ತೇನೆ. ಕಂಪನಿ ಹೆಸರು ಬೇಡ, ಕೆಲಸ ಹೇಗೆ ನಡೆಯುತ್ತದೆ ಅನ್ನೋದು ಹೇಳುತ್ತೇನೆ.

ಡಿಸೈನರ್ ಚೆಂದದ ಚಿತ್ರ ಬರೆದು, ಲೇಸ್ ಆರಿಸಿ, ಫ್ಯಾಕ್ಟರಿಗೆ ಕಳಿಸಿದರೆ ಮುಗಿಯಿತು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಚಿತ್ರ ಬರೆಯುವುದು ನಿಜ. ಆದರೆ ಬ್ರಾ ಹುಟ್ಟುವುದು ಫಿಟ್ ರೂಮಿನಲ್ಲಿ. ಒಬ್ಬ ಹೆಂಗಸು ಸ್ಯಾಂಪಲ್ ಹಾಕಿಕೊಂಡು ನಿಲ್ಲುತ್ತಾಳೆ. ಕೈ ಎತ್ತುತ್ತಾಳೆ, ಬಗ್ಗುತ್ತಾಳೆ, ಕೂರುತ್ತಾಳೆ. "ಇಲ್ಲಿ ಒತ್ತುತ್ತೆ" ಅನ್ನುತ್ತಾಳೆ. ನಾವು ಅಲ್ಲಿ ಚಾಕ್‌ನಲ್ಲಿ ಗುರುತು ಹಾಕಿ, ವಾಪಸ್ ಟೇಬಲ್‌ಗೆ ಬಂದು, ಪೇಪರ್‌ನಲ್ಲಿ ಎರಡು ಮಿಲಿಮೀಟರ್ ತೆಗೆದು, ಮತ್ತೆ ಹೊಲಿದು, ಮತ್ತೆ ಹಾಕಿಸಿ ನೋಡುತ್ತೇವೆ. ಒಂದು ಸ್ಟೈಲ್‌ಗೆ ನಾಲ್ಕೈದು ಸಲ ಹೀಗೆ ಆಗುವುದು ಮಾಮೂಲು. ಅಲ್ಲಿ ಪಾಸಾಗದಿದ್ದರೆ ಎಂಥ ಚೆಂದದ ಚಿತ್ರವೂ ಮೂಲೆಗೆ.

ನಾನಿದ್ದ ಕಡೆ ದೀಪಾವಳಿಗೆ ಅಂಗಡಿಗೆ ಬರಬೇಕಾದ ಮಾಲಿನ ಕೆಲಸ ಹಿಂದಿನ ದೀಪಾವಳಿ ಹೊತ್ತಿಗೇ ಶುರುವಾಗುತ್ತಿತ್ತು. ಮೊದಲು ಮಾರಾಟದ ಲೆಕ್ಕ. ಯಾವುದು ಖಾಲಿಯಾಯಿತು, ಯಾವುದು ವಾಪಸ್ ಬಂತು, ವಾಪಸ್ ಕಳಿಸಿದವರು ಏನು ಕಾರಣ ಕೊಟ್ಟರು. ಆಮೇಲೆ ಬಟ್ಟೆ. ಪ್ಯಾರಿಸ್‌ನಲ್ಲಿ ಇಂಟರ್‌ಫಿಲಿಯೇರ್ ಅಂತ ಒಳಉಡುಪಿನ ಬಟ್ಟೆ, ಲೇಸ್, ಎಲಾಸ್ಟಿಕ್‌ಗೆಂದೇ ಮೇಳ ನಡೆಯುತ್ತದೆ. ಡಿಸೈನ್‌ನವರು ಅಲ್ಲಿಂದ ಬಂದರೆ ಸೂಟ್‌ಕೇಸ್ ತುಂಬಾ ಲೇಸ್ ತುಂಡು. ಅವನ್ನೆಲ್ಲ ಗೋಡೆ ಬೋರ್ಡಿಗೆ ಪಿನ್ ಹೊಡೆದು, ಪಕ್ಕದಲ್ಲಿ ಬಣ್ಣದ ಚೂರು ಅಂಟಿಸಿ, ವಾರಗಟ್ಟಲೆ ನೋಡುತ್ತಿದ್ದರು.

ಯಾವ ಕಲೆಕ್ಷನ್ ಆದರೂ ಅದರಲ್ಲಿ ಎರಡು ಪಾಲು ಇರುತ್ತದೆ. ಕಪ್ಪು, ಬಿಳಿ, ಮೈಬಣ್ಣ ಒಂದು ಪಾಲು. ಊಟಕ್ಕೆ ಅನ್ನ ಇದ್ದ ಹಾಗೆ, ವರ್ಷಪೂರ್ತಿ ಬೇಕು. ಆ ಸೀಸನ್‌ನ ಲೇಸ್, ಹೊಸ ಬಣ್ಣ, ಮದುವೆ ಸಮಯದ ಕೆಂಪು, ಮರೂನ್ ಇನ್ನೊಂದು ಪಾಲು. ಪೋಸ್ಟರ್‌ನಲ್ಲಿ ಕಾಣುವುದು ಎರಡನೆಯದು. ಸಂಬಳ ಕೊಡುವುದು ಮೊದಲನೆಯದು.

ಇನ್ನು ಅಂಗೈಯಗಲದ ಬಟ್ಟೆ ವಿಷಯ. ನನ್ನ ಹತ್ತಿರ ಕಲಿಯಲು ಬಂದವರಿಗೆ ಮೊದಲ ದಿನ ಒಂದು ಹಳೇ ಬ್ರಾ ಕೊಟ್ಟು ಹೊಲಿಗೆ ಬಿಚ್ಚಿಸುತ್ತೇನೆ. ಟೇಬಲ್ ಮೇಲೆ ಒಂದೊಂದೇ ಜೋಡಿಸುತ್ತಾರೆ. ಕಪ್‌ನ ಮೇಲಿನ ತುಂಡು, ಕೆಳಗಿನ ತುಂಡು, ಒಳಗಿನ ಲೈನಿಂಗ್. ಎರಡು ಕಪ್ ನಡುವೆ ಸಣ್ಣ ತ್ರಿಕೋನ, ಅದಕ್ಕೆ ಗೋರ್ ಅನ್ನುತ್ತೇವೆ. ಕಪ್ ಕೂರುವ ಕ್ರೇಡಲ್. ಬೆನ್ನಿನ ಕಡೆಗೆ ಹೋಗುವ ಎರಡು ವಿಂಗ್, ಅದು ಪವರ್‌ನೆಟ್ ಅನ್ನುವ ಹಿಗ್ಗುವ ಗಟ್ಟಿ ನೆಟ್ ಬಟ್ಟೆ. ಎರಡು ವೈರ್, ವೈರ್ ಕೂರುವ ಕೊಳವೆ. ಕೆಳಪಟ್ಟಿ ಎಲಾಸ್ಟಿಕ್, ಕಂಕುಳ ಎಲಾಸ್ಟಿಕ್, ಸ್ಟ್ರಾಪ್ ಎಲಾಸ್ಟಿಕ್. ಮೂರೂ ಬೇರೆ ಬೇರೆ. ರಿಂಗ್, ಸ್ಲೈಡರ್, ಹುಕ್ಕಿನ ತುಂಡು, ಕಣ್ಣಿನ ತುಂಡು, ನಡುವಿನ ಪುಟ್ಟ ಬೋ, ಲೇಬಲ್. ಎಣಿಸಿದರೆ 20 ದಾಟುತ್ತದೆ. ಕಪ್ ಮೂರು ತುಂಡಿನದಾದರೆ 30ರ ಹತ್ತಿರ. ಪ್ರತಿಯೊಂದೂ ಬೇರೆ ಕಡೆಯಿಂದ ಬರಬೇಕು, ಒಂದೇ ಬಣ್ಣದಲ್ಲಿ ಬರಬೇಕು, ಒಂದೇ ದಿನ ಫ್ಯಾಕ್ಟರಿಯ ಹೊಲಿಗೆ ಲೈನಿಗೆ ಸಿಗಬೇಕು. ರೇಟ್ ಬರುವುದು ಇದರಿಂದ. ಬಟ್ಟೆ ಅಗಲದಿಂದ ಅಲ್ಲ.

ಏನಾದರೂ ಕೇಳುವುದಿದ್ದರೆ ಕೇಳಿ. ನಾಚಿಕೆ ಬೇಡ.

ಕಾವೇರಿತೀರ

ಅಕ್ಕಾ, ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಒಂದು ಪ್ರಶ್ನೆ. ಫಿಟ್ ರೂಮಿನಲ್ಲಿ ನಿಲ್ಲುವವರು ಯಾರು? ಜಾಹೀರಾತಿನ ಮಾಡೆಲ್‌ಗಳೇ?

ಇನ್ನೊಂದು. ನಾನು ಕಾಲೇಜಿನಿಂದಲೂ 36ಬಿ. ಯಾವ ಕಂಪನಿಯದು ತಗೊಂಡರೂ ಸಾಯಂಕಾಲದ ಹೊತ್ತಿಗೆ ಬೆನ್ನಲ್ಲಿ ಪಟ್ಟಿ ಮೇಲೆ ಏರಿರುತ್ತದೆ, ಭುಜದಲ್ಲಿ ಕೆಂಪು ಗೆರೆ. ನನ್ನ ಮೈಕಟ್ಟೇ ಹೀಗೆ ಅಂತ ಸುಮ್ಮನಾಗಿದ್ದೇನೆ.

ಸೂಜಿದಾರ

ಇಲ್ಲ, ಜಾಹೀರಾತಿನವರು ಬೇರೆ. ಫಿಟ್ ಮಾಡೆಲ್ ಅಂದರೆ ಅಳತೆ ಸರಿಹೊಂದುವ ಸಾಮಾನ್ಯ ಹೆಂಗಸರು. ನಮ್ಮಲ್ಲಿ ಬರುತ್ತಿದ್ದವರು ಇಬ್ಬರು ಮಕ್ಕಳ ತಾಯಿ, ಬ್ಯಾಂಕಿನಲ್ಲಿ ಕೆಲಸ. ವಾರಕ್ಕೆರಡು ದಿನ ಸಾಯಂಕಾಲ ಬರುತ್ತಿದ್ದರು. ಅಂಥವರಿಗೆ ಬೆಲೆ ಕಟ್ಟೋಕಾಗಲ್ಲ. "ಚೆನ್ನಾಗಿದೆ" ಅಂದುಬಿಟ್ಟರೆ ನಮಗೇನೂ ಪ್ರಯೋಜನ ಇಲ್ಲ. ಅವರು "ಎಡಗಡೆ ವೈರ್ ತುದಿ ಕಂಕುಳ ಹತ್ತಿರ ತಾಗುತ್ತಿದೆ, ಬಲಗಡೆ ತಾಗುತ್ತಿಲ್ಲ" ಅನ್ನುತ್ತಿದ್ದರು. ಎರಡೂ ಕಡೆ ಒಂದೇ ಸಮ ಇರುವ ಹೆಂಗಸರು ಕಡಿಮೆ. ಅದೂ ಅವರಿಂದಲೇ ನನಗೆ ಅರ್ಥ ಆಗಿದ್ದು.

ಸಾಮಾನ್ಯವಾಗಿ 34ಬಿ ಬೇಸ್ ಸೈಜ್. ಮೊದಲ ಪ್ಯಾಟರ್ನ್ ಅದರಲ್ಲೇ ಮಾಡುತ್ತಾರೆ. ಅದು ಸರಿಯಾದ ಮೇಲೆ ಉಳಿದ ಸೈಜ್‌ಗಳನ್ನು ಅಳತೆ ಹೆಚ್ಚಿಸುತ್ತಾ, ಕಡಿಮೆ ಮಾಡುತ್ತಾ ತೆಗೆಯುತ್ತಾರೆ. ಇದಕ್ಕೆ ಗ್ರೇಡಿಂಗ್ ಅನ್ನುತ್ತೇವೆ.

ನಿಮ್ಮ ತೊಂದರೆ ಮೈಕಟ್ಟಿನದಲ್ಲ ತಂಗಿ. ಪಟ್ಟಿ ಮೇಲೆ ಏರುತ್ತಿದೆ ಅಂದರೆ ಪಟ್ಟಿ ಸಡಿಲ. ಭಾರ ಹೊರಬೇಕಾದ್ದು ಕೆಳಪಟ್ಟಿ, ಸ್ಟ್ರಾಪ್ ಅಲ್ಲ. ಪಟ್ಟಿ ಕೆಲಸ ಬಿಟ್ಟರೆ ಭಾರ ಭುಜಕ್ಕೆ ಬೀಳುತ್ತದೆ, ಅದಕ್ಕೇ ಆ ಗೆರೆ. ಟೇಪ್ ತಗೊಂಡು ಎದೆ ಕೆಳಗೆ ಬಿಗಿಯಾಗಿ ಒಂದು ಅಳತೆ, ಎದೆ ಮೇಲೆ ಸಡಿಲವಾಗಿ ಒಂದು ಅಳತೆ ತೆಗೆದು ಇಲ್ಲಿ ಹಾಕಿ. ಹಳೇ ಪದ್ಧತಿಯಲ್ಲಿ ಎದೆ ಕೆಳಗಿನ ಅಳತೆಗೆ ನಾಲ್ಕು ಇಂಚು ಸೇರಿಸುತ್ತಿದ್ದರು. ಈಗಿನಷ್ಟು ಹಿಗ್ಗುವ ಬಟ್ಟೆ ಇಲ್ಲದ ಕಾಲದ ಲೆಕ್ಕ ಅದು. ಚೆನ್ನಾಗಿ ಹಿಗ್ಗುವ ಸ್ಪ್ಯಾಂಡೆಕ್ಸ್ ದಾರ ಬಂದಿದ್ದೇ 1958ರಲ್ಲಿ, ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದದ್ದು. ಈಗಿನ ಪಟ್ಟಿ ತಾನೇ ಹಿಗ್ಗುತ್ತದೆ. ಸೇರಿಸಬೇಡಿ.

ಹುಬ್ಬಳ್ಳಿ ಟೈಲರ್

ನಮಸ್ಕಾರ ಮೇಡಂ. ನಾನು ಬ್ಲೌಸ್ ಹೊಲಿಯುವವನು, ಇಪ್ಪತ್ತೈದು ವರ್ಷ ಆಯಿತು. ನಮ್ಮ ಕಡೆ ಹಿರಿಯರು ಇನ್ನೂ "ಬಾಡಿ" ಅಂತಲೇ ಅಂತಾರೆ ನೋಡ್ರಿ. ನೀವು ಹೇಳಿದ್ದು ನೂರಕ್ಕೆ ನೂರು ಖರೆ. ನನ್ನ ಹೆಂಡತಿ ಅಳತೆ ತಗೋತಾಳೆ. ಸಡಿಲ ಬ್ರಾ ಹಾಕಿ ಅಳತೆ ಕೊಡ್ತಾರೆ, ಟ್ರಯಲ್‌ಗೆ ಹೊಸದು ಹಾಕಿ ಬರ್ತಾರೆ. ಟಕ್ಸ್ ಎರಡು ಬೆರಳು ಕೆಳಗೆ ಬಂದಿರ್ತದ. ತಪ್ಪು ನಮ್ಮ ಮೇಲೆ.

ಒಂದು ಕೇಳೋದಿತ್ತು. ಬ್ಲೌಸ್‌ನಾಗ ಒಂದು ಸೂತು ಹೆಚ್ಚುಕಡಿಮೆ ಆದರೂ ಒಳಗೆ ಬಟ್ಟೆ ಬಿಟ್ಟಿರ್ತೀವಿ, ಬಿಚ್ಚಿ ಸರಿ ಮಾಡಬಹುದು. ನಿಮ್ಮದರಾಗ ಒಳಗೆ ಬಟ್ಟೆನೇ ಇರೋದಿಲ್ಲ. ಹೆಂಗ ಸಂಭಾಳಿಸ್ತೀರಿ?

ಸೂಜಿದಾರ

ನಮಸ್ಕಾರ ಅಣ್ಣಾ. ನಿಮ್ಮ ಪ್ರಶ್ನೆಯಲ್ಲೇ ಇಡೀ ಕೆಲಸದ ಕಷ್ಟ ಇದೆ. ಸಂಭಾಳಿಸೋಕೆ ಆಗಲ್ಲ, ಮೊದಲೇ ಸರಿ ಇರಬೇಕು. ಬ್ಲೌಸ್‌ನಲ್ಲಿ ನೀವು ಅರ್ಧ ಇಂಚು, ಒಂದು ಇಂಚು ಬಿಡುತ್ತೀರಿ. ನಮ್ಮಲ್ಲಿ ಹೊಲಿಗೆಗೆ ಬಿಡುವುದು ಆರು ಮಿಲಿಮೀಟರ್ ಆಸುಪಾಸು. ಮೂರು ಮಿಲಿಮೀಟರ್ ಆಚೆ ಹೋದರೆ ಪೀಸ್ ರಿಜೆಕ್ಟ್. ಕಪ್ ಮೂರು ತುಂಡಿನದಾಗಿ ಪ್ರತಿ ಹೊಲಿಗೆಯಲ್ಲೂ ಎರಡು ಮಿಲಿಮೀಟರ್ ಜಾರಿದರೆ ಲೇಬಲ್‌ನಲ್ಲಿ ಬಿ ಅಂತಿದ್ದರೂ ಕಪ್ ಎ ಆಗಿರುತ್ತದೆ.

ಎಲಾಸ್ಟಿಕ್ ಇನ್ನೂ ಸೂಕ್ಷ್ಮ. ಒಂದು ಘಟನೆ ಹೇಳುತ್ತೇನೆ. ಎಲಾಸ್ಟಿಕ್ ರೋಲ್ ಅಥವಾ ಪೆಟ್ಟಿಗೆಯಲ್ಲಿ ಬಿಗಿಯಾಗಿ ಬಂದಿರುತ್ತದೆ. ಅದನ್ನು ಬಿಚ್ಚಿ, ಟೇಬಲ್ ಮೇಲೆ ಹರಡಿ, ಒಂದು ದಿನ ಬಿಡಬೇಕು. ಎಳೆತ ಹೋಗಿ ತನ್ನ ನಿಜವಾದ ಉದ್ದಕ್ಕೆ ಬರುತ್ತದೆ. ಒಂದು ಸಲ ಆರ್ಡರ್ ಅರ್ಜೆಂಟ್ ಅಂತ ಲಾರಿಯಿಂದ ಇಳಿಸಿದ ರೋಲನ್ನೇ ಕತ್ತರಿಸಿ ಲೈನಿಗೆ ಕೊಟ್ಟರು. ಹೊಲಿದು, ಚೆಕ್ಕಿಂಗ್ ಆಗಿ, ಪೆಟ್ಟಿಗೆಗೆ ಹೋಗುವ ಹೊತ್ತಿಗೆ ಎಲಾಸ್ಟಿಕ್ ಕುಗ್ಗಿತ್ತು. 36 ಅಂತ ಲೇಬಲ್ ಇದ್ದ ಪೀಸ್ ಅಳೆದರೆ 34ರ ಅಳತೆ. ಸಾವಿರಾರು ಪೀಸ್. ಅವತ್ತು ರಾತ್ರಿ ನಾವೆಲ್ಲ ಕೂತು ಒಂದೊಂದೇ ಅಳೆದು ಬೇರೆ ಮಾಡಿದೆವು. ಪ್ಯಾಟರ್ನ್‌ನಲ್ಲಿ ತಪ್ಪಿರಲಿಲ್ಲ. ಒಂದು ದಿನ ಕಾಯಲಿಲ್ಲ, ಅಷ್ಟೇ.

ಪೀಣ್ಯ ಲೈನ್ ಆರು

ಅಕ್ಕಾ ನಾನೂ ಗಾರ್ಮೆಂಟ್ಸ್‌ನಲ್ಲೇ ಇದ್ದೀನಿ. ಒಂಬತ್ತು ವರ್ಷ. ಜಿಗ್‌ಜಾಗ್ ಮೆಷಿನ್. ಕೆಳಪಟ್ಟಿ ಎಲಾಸ್ಟಿಕ್ ಕೂರಿಸೋದು ನನ್ನ ಕೆಲಸ.

ಎಲಾಸ್ಟಿಕ್ ಮಾತು ಬಂತಲ್ಲ, ನಾನೂ ಒಂದು ಹೇಳ್ತೀನಿ. ಎಡಗೈಲಿ ಬಟ್ಟೆ, ಬಲಗೈಲಿ ಎಲಾಸ್ಟಿಕ್ ಎಳೀಬೇಕು. ಎಷ್ಟು ಎಳೀಬೇಕು ಅನ್ನೋದು ಯಾವ ಪೇಪರ್‌ನಲ್ಲೂ ಸರಿಯಾಗಿ ಬರೆಯೋಕಾಗಲ್ಲ. ಕಪ್ ಕೆಳಗೆ ಬಂದಾಗ ಎಳೆಯೋದೇ ಬೇಡ. ವಿಂಗ್‌ಗೆ ಬಂದಾಗ ಸ್ವಲ್ಪ ಎಳೀಬೇಕು. ಕೈಗೆ ಗೊತ್ತಾಗೋಕೆ ನನಗೆ ಆರು ತಿಂಗಳು ಹಿಡೀತು. ಬೆಳಿಗ್ಗೆ ಒಂದು ತರ, ಊಟ ಆದ ಮೇಲೆ ಕೈ ಸೋತಾಗ ಇನ್ನೊಂದು ತರ ಆಗಬಾರದು.

ಸೂಜಿ ಮುರಿದರೆ ಮೆಷಿನ್ ನಿಲ್ಲಿಸಬೇಕು. ಮುರಿದ ಚೂರು ಎಲ್ಲಾ ಹುಡುಕಿ, ಜೋಡಿಸಿ, ರಿಜಿಸ್ಟರ್‌ನಲ್ಲಿ ಟೇಪ್ ಹಾಕಿ ಅಂಟಿಸಬೇಕು. ಪೂರ್ತಿ ಸೂಜಿ ಸಿಕ್ಕಿದ ಮೇಲೇ ಹೊಸ ಸೂಜಿ. ತುದಿ ಸಿಗದಿದ್ದರೆ ಸುತ್ತ ಇರೋ ಪೀಸ್ ಎಲ್ಲಾ ಪಕ್ಕಕ್ಕೆ ಇಡ್ತಾರೆ. ಯಾರದೋ ಮೈಗೆ ಚುಚ್ಚಬಾರದು ಅಲ್ವಾ. ಅದು ನನಗೆ ಸರಿ ಅನ್ಸುತ್ತೆ. ಟಾರ್ಗೆಟ್ ಮಾತ್ರ ಕಡಿಮೆ ಮಾಡಲ್ಲ, ಆ ಹತ್ತು ನಿಮಿಷ ನಾವೇ ಹೊಂದಿಸಿಕೊಳ್ಳಬೇಕು.

ಸೂಜಿದಾರ

ನೀನು ಬರೆದದ್ದು ನೋಡಿ ತುಂಬಾ ಖುಷಿಯಾಯಿತು ಕಣಮ್ಮಾ. ಕಪ್ ಕೆಳಗೆ ಎಳೆಯಬಾರದು, ವಿಂಗ್‌ನಲ್ಲಿ ಎಳೆಯಬೇಕು. ಫ್ಯಾಕ್ಟರಿಗೆ ಕಳಿಸುವ ಅಳತೆ, ವಿವರದ ಹಾಳೆ, ಅಂದರೆ ಟೆಕ್ ಪ್ಯಾಕ್‌ನಲ್ಲಿ ನಾವು ಬರೀ ನಂಬರ್ ಬರೆಯುತ್ತೇವೆ, ಅದನ್ನು ಬ್ರಾ ಮಾಡುವುದು ನಿನ್ನ ಬಲಗೈ. ಆ ಹತ್ತು ನಿಮಿಷ ಟಾರ್ಗೆಟ್‌ನಲ್ಲಿ ಕಳೆಯಬೇಕು ಅಂತ ನಾನೂ ಮೀಟಿಂಗ್‌ನಲ್ಲಿ ಎಷ್ಟೋ ಸಲ ಕೇಳಿದ್ದೆ. ಸುರಕ್ಷತೆಗೆ ಅಂತ ಕಂಪನಿಯೇ ಮಾಡಿದ ನಿಯಮದ ಸಮಯವನ್ನು ಟೈಲರ್ ತಲೆಗೆ ಕಟ್ಟುವುದು ಅನ್ಯಾಯ.

ಡಬ್ಲಿನ್‌ನಲ್ಲಿ ಮಂಡ್ಯ

ಅಕ್ಕಾ, ಇಲ್ಲಿ ಐರ್ಲೆಂಡಿಗೆ ಬಂದ ಮೇಲೆ ನನ್ನ ಸೈಜ್ 36ಇ ಅಂತ ಗೊತ್ತಾಯಿತು. ಊರಿನಲ್ಲಿದ್ದಾಗ 40ಸಿ ಹಾಕುತ್ತಿದ್ದೆ, ಅಂಗಡಿಯವರು ಅದನ್ನೇ ಕೊಡುತ್ತಿದ್ದರು. ಊರಿಗೆ ಬಂದಾಗ ಕೇಳಿದರೆ ನನ್ನ ಸೈಜ್‌ನಲ್ಲಿ ಕಪ್ಪು, ಬಿಳಿ ಬಿಟ್ಟು ಬೇರೆ ಬಣ್ಣ ಇಲ್ಲ. ಚೆಂದದ ಲೇಸ್ ಎಲ್ಲಾ ಸಣ್ಣ ಸೈಜ್‌ಗೆ ಮಾತ್ರ. ದಪ್ಪ ಇರುವವರಿಗೆ ಚೆಂದ ಬೇಡವೇ? ಇದು ಡಿಸೈನ್ ಮಾಡುವವರ ತೀರ್ಮಾನವೇ?

ಸೂಜಿದಾರ

ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರ ಕೊಡುತ್ತೇನೆ. ನನ್ನ ಮನಸ್ಸಿನಲ್ಲಿ ವರ್ಷಗಳಿಂದ ಕೂತಿರುವ ವಿಷಯ ಇದು.

ಮೊದಲು ಲೆಕ್ಕ. ಕಪ್ ಅಕ್ಷರಕ್ಕೆ ತಾನಾಗಿ ಅರ್ಥ ಇಲ್ಲ, ಪಟ್ಟಿ ಜೊತೆ ಸೇರಿದಾಗ ಮಾತ್ರ ಅರ್ಥ. 34ಬಿ, 32ಸಿ, 36ಎ ಮೂರರ ಕಪ್ ಒಳಗಿನ ಜಾಗ ಒಂದೇ. ಅವಕ್ಕೆ ಒಂದೇ ವೈರ್ ಹಾಕುತ್ತೇವೆ. ಸಿಸ್ಟರ್ ಸೈಜ್ ಅನ್ನುತ್ತಾರೆ. ಅಂಗಡಿಯಲ್ಲಿ ನಿಮ್ಮ ಸೈಜ್ ಇಲ್ಲದಾಗ ಪಟ್ಟಿ ಎರಡು ಮೇಲೆ, ಕಪ್ ಒಂದು ಕೆಳಗೆ ಮಾಡಿ ಕೊಡುತ್ತಾರೆ. ಒಂದು ಹೆಜ್ಜೆ ಪರವಾಗಿಲ್ಲ. ನಿಮಗೆ ಎರಡು ಹೆಜ್ಜೆ ದಾಟಿಸಿ, ಅದರ ಮೇಲೆ ಕಪ್ ಸೈಜ್ ಕೂಡ ಚಿಕ್ಕದು ಮಾಡಿ ಕೊಟ್ಟಿದ್ದಾರೆ. ಈ ಅಕ್ಷರಗಳೂ ಹಳೆಯವಲ್ಲ. 1932ರಲ್ಲಿ ಅಮೆರಿಕದ ಎಸ್.ಎಚ್. ಕ್ಯಾಂಪ್ ಕಂಪನಿ ಎಯಿಂದ ಡಿವರೆಗೆ ನಾಲ್ಕೇ ಅಕ್ಷರ ಇಟ್ಟು ಶುರು ಮಾಡಿತು. ಡಿ ಅಂದರೆ ತೀರಾ ದೊಡ್ಡದು ಅಂತ ನಮ್ಮ ಅಂಗಡಿಗಳಲ್ಲಿ ಇನ್ನೂ ಇರುವ ನಂಬಿಕೆ ಆ ಕಾಲದ್ದು. 30ಡಿ ಹಾಕುವ ತೆಳ್ಳಗಿನ ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ.

ಇನ್ನು ಬಣ್ಣ ಯಾಕೆ ಇಲ್ಲ ಅನ್ನೋದು. ಅಚ್ಚು ಒತ್ತಿದ ಫೋಮ್ ಕಪ್ ಇದೆಯಲ್ಲ, ಅದನ್ನು ಮಾಡುವುದು 180ರಿಂದ 200 ಡಿಗ್ರಿ ಬಿಸಿಯ ಅಲ್ಯೂಮಿನಿಯಂ ಅಚ್ಚಿನಲ್ಲಿ. ಪ್ರತಿ ಕಪ್ ಸೈಜ್‌ಗೂ ಒಂದು ಜೊತೆ ಅಚ್ಚು ಬೇಕು. ಅಚ್ಚಿಗೆ ದುಡ್ಡು. ಲೇಸ್, ಎಲಾಸ್ಟಿಕ್ ಬಣ್ಣ ಹಾಕಿಸಬೇಕಾದರೆ ಇಷ್ಟು ಮೀಟರ್‌ಗಿಂತ ಕಡಿಮೆ ಆಗಲ್ಲ ಅಂತ ಡೈಯಿಂಗ್‌ನವರು ಹೇಳುತ್ತಾರೆ. ದೊಡ್ಡ ಸೈಜ್‌ಗೆ ಅಗಲದ ಸ್ಟ್ರಾಪ್, ಗಟ್ಟಿ ಪವರ್‌ನೆಟ್, ಮೂರು ಸಾಲು ಹುಕ್ಕು ಬೇಕು. ಅಂದರೆ ಬೇರೆ ಎಲಾಸ್ಟಿಕ್, ಬೇರೆ ಬಟ್ಟೆ. ಅವಕ್ಕೂ ಅದೇ ಬಣ್ಣ ಹಾಕಿಸಿದರೆ ಮತ್ತೆ ಅಷ್ಟು ಮೀಟರ್. ಲೆಕ್ಕ ನೋಡುವವರು "ಆ ಸೈಜ್‌ಗೆ ಕಪ್ಪು ಸಾಕು" ಅನ್ನುತ್ತಾರೆ. ಕಪ್ಪು ಮಾತ್ರ ಇಟ್ಟರೆ ಮಾರಾಟ ಕಡಿಮೆ ಆಗುತ್ತದೆ. ಮಾರಾಟ ಕಡಿಮೆ ಅಂತ ಮುಂದಿನ ವರ್ಷವೂ ಬಣ್ಣ ಇಲ್ಲ. ಹೀಗೇ ಸುತ್ತುತ್ತದೆ.

ಇದು ದುಡ್ಡಿನ ವಿಷಯ, ಒಪ್ಪುತ್ತೇನೆ. ನನಗೆ ಒಪ್ಪಲಾಗದ್ದು ಬೇರೆ. 34ಬಿ ಮೇಲೆ ಸರಿ ಮಾಡಿದ ಪ್ಯಾಟರ್ನನ್ನು 40ಡಿಗೆ ಸುಮ್ನೆ ದೊಡ್ಡದು ಮಾಡಿದರೆ ಆಗಲ್ಲ. ಗೋರ್ ಅಷ್ಟೇ ಪ್ರಮಾಣದಲ್ಲಿ ಅಗಲ ಆಗಬಾರದು. ವಿಂಗ್ ಎತ್ತರ ಆಗಬೇಕು. ಸ್ಟ್ರಾಪ್ ಒಳಗೆ ಬರಬೇಕು, ಇಲ್ಲದಿದ್ದರೆ ಭುಜದಿಂದ ಜಾರುತ್ತದೆ. ಒಳ್ಳೆಯ ಕಡೆ ದೊಡ್ಡ ಸೈಜ್‌ಗೆ ಎರಡನೇ ಬೇಸ್ ಇಟ್ಟು, ಅದಕ್ಕೆ ಬೇರೆ ಫಿಟ್ ಮಾಡೆಲ್ ಕರೆದು, ಮೊದಲಿನಿಂದ ಫಿಟ್ ನೋಡುತ್ತಾರೆ. ಒಂದು ಕಲೆಕ್ಷನ್‌ಗೆ ನಮಗೆ ದಿನ ಸಾಲಲಿಲ್ಲ. 38, 40ರ ಫಿಟ್ ಕ್ಯಾನ್ಸಲ್ ಮಾಡಿದರು. ಕಂಪ್ಯೂಟರ್‌ನಲ್ಲೇ ಗ್ರೇಡ್ ಮಾಡಿ ಕಳಿಸಿ ಅಂದರು. ನಾನೇ ಮಾಡಿ ಕಳಿಸಿದೆ. ಎರಡು ತಿಂಗಳಾದ ಮೇಲೆ ವಾಪಸ್ ಬಂದ ಪೀಸ್‌ಗಳ ಪೆಟ್ಟಿಗೆ ನನ್ನ ಟೇಬಲ್ ಹತ್ತಿರ ತಂದಿಟ್ಟರು. ಒಂದರ ಜೊತೆ ಚೀಟಿ ಇತ್ತು. "ಮಗಳ ಮದುವೆಗೆ ಅಂತ ತಗೊಂಡೆ. ಅರ್ಧ ಗಂಟೆ ಕೂಡ ಹಾಕಿಕೊಳ್ಳೋಕೆ ಆಗಲಿಲ್ಲ." ಆ ಚೀಟಿ ಇನ್ನೂ ನನ್ನ ಟೇಪ್ ಡಬ್ಬಿಯಲ್ಲಿದೆ.

ಫಿಟ್ ರೂಮಿಗೆ ಯಾರನ್ನು ಕರೆದರು ಅನ್ನೋದೇ ನನ್ನ ಪ್ರಕಾರ ಡಿಸೈನ್. ಕರೆಯದೇ ಬಿಟ್ಟವರ ಬ್ರಾ ಊಹೆಯ ಮೇಲೆ ಆಗುತ್ತದೆ.

ತಿರುಪ್ಪೂರ್ ಕನ್ನಡಿಗ

ಡೈಯಿಂಗ್‌ನವರ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ ಮೇಡಂ, ನಾನು ಅದೇ ಕೆಲಸದಲ್ಲಿದ್ದೇನೆ. ಮಿನಿಮಮ್ ಮೀಟರ್ ಕೇಳುವುದು ಹಟಕ್ಕಲ್ಲ. ಮೆಷಿನ್‌ನಲ್ಲಿ ಸ್ವಲ್ಪವೇ ಮಾಲು ಹಾಕಿದರೂ ನೀರು, ಉಗಿ, ಸಮಯ ಅಷ್ಟೇನೂ ಕಡಿಮೆ ಆಗುವುದಿಲ್ಲ.

ಒಂದೇ ಬ್ರಾದಲ್ಲಿ ನೈಲಾನ್ ಲೇಸ್, ಪಾಲಿಯೆಸ್ಟರ್ ಟೇಪ್, ಹತ್ತಿ ಲೈನಿಂಗ್ ಇರುತ್ತದೆ. ನೈಲಾನ್‌ಗೆ ಆಸಿಡ್ ಡೈ, ಪಾಲಿಯೆಸ್ಟರ್‌ಗೆ ಡಿಸ್ಪರ್ಸ್ ಡೈ, ಅದೂ 130 ಡಿಗ್ರಿಯಲ್ಲಿ, ಹತ್ತಿಗೆ ರಿಯಾಕ್ಟಿವ್. ಮೂರು ಬಣ್ಣದ ಪುಡಿ, ಮೂರು ರೀತಿಯ ಅಡುಗೆ, ಕೊನೆಗೆ ಮೂರೂ ಒಂದೇ ಮರೂನ್ ಕಾಣಬೇಕು. ಟ್ಯೂಬ್‌ಲೈಟ್ ಕೆಳಗೆ ಒಂದೇ ಥರ ಇದ್ದದ್ದು ಬಿಸಿಲಿಗೆ ತಂದರೆ ಬೇರೆ ಆಗಿರುತ್ತದೆ. ಅದಕ್ಕೇ ಲೈಟ್ ಬಾಕ್ಸ್‌ನಲ್ಲಿ ಬಿಸಿಲಿನ ಬೆಳಕು, ಅಂಗಡಿ ಬೆಳಕು ಎರಡರಲ್ಲೂ ನೋಡಿ ಪಾಸ್ ಮಾಡುತ್ತೇವೆ. ಮರೂನ್, ಗಾಢ ನೀಲಿ ತುಂಬಾ ಕಾಡುತ್ತವೆ.

ಸೂಜಿದಾರ

ಧನ್ಯವಾದ ಸರ್. ಬಣ್ಣದ ಬಗ್ಗೆ ನಾನೂ ಒಂದು ಸೇರಿಸುತ್ತೇನೆ. "ಮೈಬಣ್ಣ" ಅಂತ ಬಹಳ ವರ್ಷ ಒಂದೇ ಬಣ್ಣ ಬರುತ್ತಿತ್ತು, ಬಿಳಿಯರ ಮೈಗೆ ಹೊಂದುವ ತಿಳಿ ಗುಲಾಬಿ. ನಮ್ಮೂರಿನ ಯಾರ ಮೈಯೂ ಆ ಬಣ್ಣ ಇರಲಿಲ್ಲ. ಈಗ ಗೋಧಿ ಬಣ್ಣ, ಕಂದು, ಗಾಢ ಕಂದು ಬರುತ್ತಿವೆ. ಬಿಳಿ ಕುರ್ತಾ ಒಳಗೆ ಬಿಳಿ ಬ್ರಾ ಹಾಕಬೇಡಿ, ಎದ್ದು ಕಾಣುತ್ತದೆ. ನಿಮ್ಮ ಮೈಗೆ ಹತ್ತಿರದ ಬಣ್ಣ ಹಾಕಿ, ಕಾಣುವುದೇ ಇಲ್ಲ.

ಕಡಲಮಗಳು

ನಾನು ಮಂಗಳೂರು. ಇಲ್ಲಿಯ ಸೆಕೆಗೆ ಫೋಮ್ ಕಪ್ ಹಾಕಿದರೆ ಮಧ್ಯಾಹ್ನದೊಳಗೆ ಬೆವರುಸಾಲೆ. ಕಂಪನಿಯವರಿಗೆ ಇದು ಗೊತ್ತಾಗುವುದಿಲ್ಲವೇ? ಇನ್ನು ವೈರ್ ಹಾಕಿದರೆ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ನಿಜವೇ?

ಸೂಜಿದಾರ

ಕ್ಯಾನ್ಸರ್ ಮಾತು ಸುಳ್ಳು. 2014ರಲ್ಲಿ ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಇದನ್ನೇ ಇಟ್ಟುಕೊಂಡು ಅಧ್ಯಯನ ಮಾಡಿದರು. ಮುಟ್ಟು ನಿಂತ ಹೆಂಗಸರನ್ನು ಕೇಳಿ ನೋಡಿದರು. ವೈರ್ ಇದ್ದರೂ, ಇಲ್ಲದಿದ್ದರೂ, ದಿನಕ್ಕೆ ಎಷ್ಟು ಗಂಟೆ ಹಾಕಿದರೂ ಯಾವ ಸಂಬಂಧವೂ ಸಿಗಲಿಲ್ಲ. ವೈರ್ ಚುಚ್ಚುವುದು ಮಾತ್ರ ನಿಜ. ಸೈಜ್ ತಪ್ಪಿದಾಗ ಹಾಗಾಗುತ್ತದೆ. ಇಲ್ಲಾ, ಕೊಳವೆಯಲ್ಲಿ ವೈರ್‌ಗೆ ಎರಡೂ ತುದಿಯಲ್ಲಿ ಸ್ವಲ್ಪ ಖಾಲಿ ಜಾಗ ಬಿಡಬೇಕು, ಬಿಡದಿದ್ದಾಗ ಆಗುತ್ತದೆ. ಮೈ ಬಗ್ಗಿದಾಗ ವೈರ್ ಆಚೀಚೆ ಸರಿಯಬೇಕು. ಜಾಗ ಇಲ್ಲದಿದ್ದರೆ ಹೊಲಿಗೆ ತೂತು ಮಾಡಿ ಹೊರಗೆ ಬರುತ್ತದೆ.

ಸೆಕೆಗೆ ಫೋಮ್ ಇಲ್ಲದ, ಹತ್ತಿಯ ತುಂಡು ಜೋಡಿಸಿದ ಕಪ್ ತಗೊಳ್ಳಿ. ಅದರಲ್ಲಿ ಸ್ವಲ್ಪ ಎಲಾಸ್ಟೇನ್ (ಸ್ಪ್ಯಾಂಡೆಕ್ಸ್‌ನ ಇನ್ನೊಂದು ಹೆಸರು) ಇದ್ದರೆ ಒಳ್ಳೆಯದು, ಬರೀ ಹತ್ತಿ ಬೇಗ ಜೋಲುತ್ತದೆ. ನಮ್ಮಲ್ಲಿ ಪ್ಯಾಕಿಂಗ್‌ಗೆ ಮುಂಚೆ ಆಫೀಸಿನ ಹೆಂಗಸರಿಗೇ ಸ್ಯಾಂಪಲ್ ಕೊಟ್ಟು ತಿಂಗಳು ಹಾಕಿ, ಒಗೆದು ನೋಡಿ ಅನ್ನುತ್ತಿದ್ದರು. ಎಲ್ಲರೂ ಬೆಂಗಳೂರಿನವರು, ಬೆಂಗಳೂರಿನ ಹವೆ. ಒಂದು ಸಲ ಕುಂದಾಪುರದ ಮರ್ಚಂಡೈಸರ್ ಹುಡುಗಿ ರಜೆಗೆ ಹೋಗುವಾಗ ಮೂರು ಪೀಸ್ ತಗೊಂಡು ಹೋಗಿ ಅವರಮ್ಮನಿಗೆ ಹಾಕಿಸಿ ಬಂದಳು. ವಿಂಗ್ ಬಟ್ಟೆ ಬದಲಾಗಿದ್ದು ಅದಾದ ಮೇಲೇ.

ಸಿರ್ಸಿ ಅಮ್ಮ

ನನ್ನ ಮಗಳಿಗೆ ಹನ್ನೆರಡು. ಅಂಗಡಿಗೆ ಕರೆದುಕೊಂಡು ಹೋದರೆ ಅವಳು ತಲೆ ಎತ್ತುವುದಿಲ್ಲ. ಅಲ್ಲಿ ಮಾರುವವರೂ ಗಂಡಸರು. ಸಣ್ಣ ಸೈಜ್ ಕೇಳಿದರೆ ದೊಡ್ಡವರದ್ದೇ 30 ಕೊಡುತ್ತಾರೆ. ಏನು ಮಾಡಲಿ?

ಸೂಜಿದಾರ

ಅದು ಬೇಡ. ವೈರ್ ಬೇಡ, ಫೋಮ್ ಬೇಡ. ಹತ್ತಿಯದು, ತಲೆ ಮೇಲಿಂದ ಹಾಕುವಂಥದ್ದು, ಕೆಳಪಟ್ಟಿ ಮೆತ್ತಗಿರಬೇಕು. ಬಿಗಿ ಆದರೆ ಹೇಳಬೇಕು ಅಂತ ಅವಳಿಗೆ ಹೇಳಿ. ಈ ವಯಸ್ಸಿನಲ್ಲಿ ಆರು ತಿಂಗಳಿಗೇ ಅಳತೆ ಬದಲಾಗಬಹುದು, ಹಾಗಾಗಿ ಒಂದೇ ಸಲ ಅರ್ಧ ಡಜನ್ ತಗೋಬೇಡಿ. ಅಳತೆ ನೀವೇ ಮನೆಯಲ್ಲಿ ತೆಗೆಯಿರಿ, ಅಂಗಿ ಮೇಲೇ ತೆಗೆದರೂ ನಡೆಯುತ್ತದೆ. ಅವಳಿಗೆ ಟೇಪ್ ಹಿಡಿಯೋಕೆ ಕೊಡಿ. ತನ್ನ ಅಳತೆ ತಾನೇ ಓದಿದರೆ ಅರ್ಧ ಸಂಕೋಚ ಹೋಗುತ್ತದೆ. ನನ್ನ ಮಗಳಿಗೆ ಹಾಗೇ ಮಾಡಿದ್ದೆ.

ಪಿಟಿ ಮೇಡಂ

ನಾನು ಹೈಸ್ಕೂಲಿನಲ್ಲಿ ಆಟದ ಟೀಚರ್. ಎಂಟನೇ ಕ್ಲಾಸಿಗೆ ಬಂದ ತಕ್ಷಣ ಎಷ್ಟೋ ಹುಡುಗಿಯರು ಓಟ ಬಿಟ್ಟುಬಿಡುತ್ತಾರೆ. ಕಾರಣ ಕೇಳಿದರೆ ಹೊಟ್ಟೆನೋವು ಅನ್ನುತ್ತಾರೆ. ನಿಜವಾದ ಕಾರಣ ನನಗೆ ಗೊತ್ತು. ಸ್ಪೋರ್ಟ್ಸ್ ಬ್ರಾ ಬಗ್ಗೆ ಏನಾದರೂ ಹೇಳಿ.

ಸೂಜಿದಾರ

ಮೇಡಂ, ಅದು ಹುಟ್ಟಿದ್ದೇ ನಿಮ್ಮ ಹುಡುಗಿಯರಂಥವರಿಂದ. 1977ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಲೀಸಾ ಲಿಂಡಾಲ್ ಅನ್ನುವವರಿಗೆ ಓಡುವಾಗ ನೋವಾಗುತ್ತಿತ್ತು. ಗೆಳತಿ ಪಾಲಿ ಸ್ಮಿತ್ ನಾಟಕದ ಬಟ್ಟೆ ಹೊಲಿಯುವವರು. ಹಿಂಡಾ ಮಿಲ್ಲರ್ ಜೊತೆ ಸೇರಿದರು. ಗಂಡಸರು ಆಟಕ್ಕೆ ಹಾಕುವ ಎರಡು ಸಪೋರ್ಟರ್‌ಗಳನ್ನು ಜೋಡಿಸಿ ಹೊಲಿದರು, ಹಾಕಿ ಓಡಿ ನೋಡಿದರು. ಅದೇ ಜಾಗ್‌ಬ್ರಾ. ಬೇಕಾದವಳೇ ಹೇಳಿದಳು, ಬೇಕಾದವಳೇ ಹಾಕಿ ನೋಡಿದಳು. ಅದಕ್ಕೇ ಕೆಲಸ ಮಾಡಿತು.

ಓಡುವಾಗ ಎದೆ ಮೇಲೆ ಕೆಳಗೆ ಮಾತ್ರ ಅಲ್ಲ, ಪಕ್ಕಕ್ಕೂ ಹೋಗುತ್ತದೆ, ಎಂಟು ಅಂಕಿ ಬರೆದ ಹಾಗೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಅಳೆದು ನೋಡುವ ತಂಡ ಇದೆ. ನಿಮ್ಮ ಹುಡುಗಿಯರಿಗೆ ಅಗಲ ಕೆಳಪಟ್ಟಿ ಇರುವುದು ಕೊಡಿಸಿ. ಹಾಕಿ ಜಿಗಿದು ನೋಡಲಿ. ಎರಡು ಬೆರಳು ಪಟ್ಟಿಯೊಳಗೆ ಹೋಗಬೇಕು, ಅದಕ್ಕಿಂತ ಸಡಿಲ ಬೇಡ.

ಹಾವೇರಿ ಮಂಜು

ಅಕ್ಕಾ, ಗಂಡಸು ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಅಮ್ಮನಿಗೆ ಹೋದ ವರ್ಷ ಆಪರೇಷನ್ ಮಾಡಿ ಒಂದು ಕಡೆ ತೆಗೆದರು. ಈಗ ಆರಾಮಾಗಿದ್ದಾರೆ. ಆದರೆ ಮನೆಯಿಂದ ಹೊರಗೆ ಬರುತ್ತಿಲ್ಲ, ಸೆರಗು ಎರಡೆರಡು ಸಲ ಸರಿ ಮಾಡಿಕೊಳ್ಳುತ್ತಾರೆ. ಅವರಿಗೆ ಅಂತ ಏನಾದರೂ ಸಿಗುತ್ತದಾ? ನಾನು ಒಬ್ಬನೇ ಮಗ, ಕೇಳೋಕೆ ಬೇರೆ ಯಾರಿಲ್ಲ.

ಸೂಜಿದಾರ

ಖಂಡಿತ ಬರೆಯಬಹುದು ತಮ್ಮಾ. ಒಳ್ಳೆಯದು ಮಾಡಿದೆ.

ಸಿಗುತ್ತದೆ. ಮಸ್ಟೆಕ್ಟಮಿ ಬ್ರಾ ಅಂತ ಕೇಳು. ನೋಡೋಕೆ ಮಾಮೂಲಿ ಬ್ರಾನೇ. ಕಪ್ ಒಳಗಡೆ ಒಂದು ಮೆತ್ತನೆ ಜೇಬು ಇರುತ್ತದೆ. ತೆಗೆದ ಕಡೆ ಆ ಜೇಬಿನೊಳಗೆ ಎದೆಯ ಆಕಾರದ ದಿಂಬಿನಂಥದ್ದು ಇಡುತ್ತಾರೆ. ಸಿಲಿಕಾನ್‌ದೂ ಸಿಗುತ್ತದೆ, ಹಗುರದ ಬಟ್ಟೆಯದೂ ಸಿಗುತ್ತದೆ. ವೈರ್ ಇರಬಾರದು. ಸ್ಟ್ರಾಪ್ ಅಗಲ ಇರಬೇಕು, ಕಂಕುಳ ಕಡೆ ಹೊಲಿಗೆ ಗಂಟು ತಾಗಬಾರದು, ಮುಂದೆ ಸ್ವಲ್ಪ ಎತ್ತರ ಇರಬೇಕು. ಯಾವಾಗಿನಿಂದ ಹಾಕಬಹುದು ಅಂತ ಅವರ ಡಾಕ್ಟರನ್ನು ಮಾತ್ರ ಕೇಳು. ಕೈ ಪೂರ್ತಿ ಎತ್ತಲು ಕಷ್ಟ ಇದ್ದರೆ ಮುಂದೆ ಹುಕ್ಕು ಇರುವುದು ತಗೋ.

ಅಂಗಡಿಯಲ್ಲಿ ಸಿಗದಿದ್ದರೆ ಅಮ್ಮ ಈಗಾಗಲೇ ಹಾಕುತ್ತಿದ್ದ, ಅವರಿಗೆ ಹಿತವಾದ ಹತ್ತಿ ಬ್ರಾ ಎರಡು ನನಗೆ ಕಳಿಸು. ಜೇಬು ನಾನು ಹೊಲಿದು ಕೊಡುತ್ತೇನೆ. ಅದಕ್ಕೆ ದುಡ್ಡು ತಗೊಳ್ಳಲ್ಲ. ವಿಳಾಸ ಮೆಸೇಜಿನಲ್ಲಿ ಕಳಿಸಿದ್ದೇನೆ.

ಹುಬ್ಬಳ್ಳಿ ಟೈಲರ್

ಮಂಜು ತಮ್ಮಾ, ಹಾವೇರಿಯಿಂದ ಹುಬ್ಬಳ್ಳಿ ಹತ್ತಿರ. ಅಮ್ಮಾವರನ್ನ ಕರ್ಕೊಂಡು ಬಾ. ಮೇಡಂ ಜೇಬು ಹೆಂಗ ಹೊಲಿಯೋದು ಅಂತ ಹೇಳಿದರೆ ನನ್ನ ಹೆಂಡತಿ ಕಲಿತು ಹೊಲಿದು ಕೊಡ್ತಾಳ. ಬ್ಲೌಸ್‌ನೂ ಅದಕ್ಕೆ ಸರಿಯಾಗಿ ಹೊಂದಿಸಿ ಹೊಲಿಯೋಣ.

ಸೂಜಿದಾರ

ಅಣ್ಣಾ, ಅದಕ್ಕಿಂತ ಒಳ್ಳೆಯದಿಲ್ಲ. ಮೃದು ನೆಟ್ ಅಥವಾ ಹಳೇ ಹತ್ತಿ ಟೀಶರ್ಟ್ ಬಟ್ಟೆ ಸಾಕು. ಕಪ್ ಪೇಪರ್ ಇಟ್ಟು ಅದೇ ಆಕಾರದಲ್ಲಿ ಕತ್ತರಿಸಿ. ಕಂಕುಳ ಕಡೆ ಮೂರು ಬೆರಳಗಲ ತೆರೆದು ಬಿಡಿ, ಅಲ್ಲಿಂದ ದಿಂಬು ಒಳಗೆ ಹೋಗಬೇಕು. ತೆರೆದ ಅಂಚನ್ನು ಮಡಚಿ ಜಿಗ್‌ಜಾಗ್ ಹಾಕಿ, ಗಂಟು ಮೈ ಕಡೆ ಬರಬಾರದು. ಫೋಟೋ ತೆಗೆದು ಕಳಿಸುತ್ತೇನೆ. ನಿಮ್ಮ ಹೆಂಡತಿಯವರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ಸಾಫ್ಟ್‌ವೇರ್ ಶಿವಮೊಗ್ಗ

ಇಷ್ಟೆಲ್ಲ ಬೆಂಗಳೂರಿನಲ್ಲೇ ನಡೆಯುತ್ತದೆ ಅಂತ ಗೊತ್ತಿರಲಿಲ್ಲ. ಲೇಸ್ ಕೂಡ ಇಲ್ಲಿಯದೇನಾ?

ಸೂಜಿದಾರ

ಬೆಂಗಳೂರಿಗೂ ಒಳಉಡುಪಿಗೂ ದೊಡ್ಡ ನಂಟು. ಜಾಕಿ ಬ್ರ್ಯಾಂಡ್‌ನ ಲೈಸೆನ್ಸ್ ಇರುವ ಪೇಜ್ ಇಂಡಸ್ಟ್ರೀಸ್ ಇಲ್ಲಿಯದು. ಎನಾಮರ್ ಬ್ರ್ಯಾಂಡ್ ಇಲ್ಲಿಯದು. 2011ರಲ್ಲಿ ರಿಚಾ ಕರ್ ಆನ್‌ಲೈನ್‌ನಲ್ಲಿ ಒಳಉಡುಪು ಮಾರುವ ಜಿವಾಮೆ ಶುರು ಮಾಡಿದ್ದೂ ಇಲ್ಲೇ. ಹೊರಗಿನ ಬ್ರ್ಯಾಂಡ್‌ಗಳಿಗೆ ಹೊಲಿದು ಕೊಡುವ ಯೂನಿಟ್‌ಗಳು ಬೇರೆ.

ಲೇಸ್ ಬೇರೆ ಬೇರೆ ಕಡೆಯಿಂದ ಬರುತ್ತದೆ. ತುಂಬಾ ದುಬಾರಿ ಲೇಸ್ ಫ್ರಾನ್ಸಿನ ಕ್ಯಾಲೆ, ಕೋದ್ರಿ ಊರುಗಳದ್ದು. 1813ರಲ್ಲಿ ನಾಟಿಂಗ್‌ಹ್ಯಾಮ್‌ನ ಜಾನ್ ಲೀವರ್ಸ್ ಮಾಡಿದ ಮೆಷಿನ್ ಮಾದರಿಯಲ್ಲೇ ಅಲ್ಲಿ ಇನ್ನೂ ನೇಯುತ್ತಾರೆ. ನಾವು ಬಳಸುತ್ತಿದ್ದದ್ದು ರಾಶೆಲ್ ಅನ್ನುವ ಹೆಣಿಗೆ ಮೆಷಿನ್ ಲೇಸ್. ಅದರಲ್ಲೂ ಕೆಲಸ ಕಡಿಮೆ ಇಲ್ಲ. ಎಡ ಕಪ್‌ನಲ್ಲಿ ಹೂವು ಎಲ್ಲಿ ಕೂತಿದೆಯೋ, ಬಲ ಕಪ್‌ನಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ಅಲ್ಲೇ ಕೂರಬೇಕು. ಒಟ್ಟಿಗೆ ಪದರ ಹಾಕಿ ಕತ್ತರಿಸೋಕಾಗಲ್ಲ. ನಮ್ಮಲ್ಲಿ ಒಬ್ಬರು ಹಿರಿಯ ಕಟಿಂಗ್ ಮಾಸ್ಟರ್ ಇದ್ದರು. ಲೇಸನ್ನು ಕಪ್ಪು ಹಾಳೆ ಮೇಲೆ ಹರಡಿ, ರಟ್ಟಿನ ಪ್ಯಾಟರ್ನ್‌ನಲ್ಲಿ ಹೂವಿನ ನಡುವಿಗೆ ಒಂದು ತೂತು ಮಾಡಿಕೊಂಡು, ಆ ತೂತಿನಲ್ಲಿ ಹೂವಿನ ಕಣ್ಣು ಕಂಡ ಮೇಲೇ ಕತ್ತರಿ ಆಡಿಸುತ್ತಿದ್ದರು. ಕಾಲು ಭಾಗ ಲೇಸ್ ವೇಸ್ಟ್ ಆಗುತ್ತಿತ್ತು ಅಂತ ಮೇಲಿನವರು ಗೊಣಗುತ್ತಿದ್ದರು. ಆ ವೇಸ್ಟ್‌ನಿಂದಲೇ ಅವರು ನನ್ನ ಮಗಳಿಗೆ ಒಂದು ಫ್ರಾಕ್ ಅಂಚು ಮಾಡಿಕೊಟ್ಟಿದ್ದರು.

ಕಾವೇರಿತೀರ

ಅಕ್ಕಾ, ಅಳತೆ ತೆಗೆದೆ. ಕೆಳಗೆ 33, ಮೇಲೆ 37.

ಸೂಜಿದಾರ

ಪಟ್ಟಿ ಸೈಜ್ ಸಮಸಂಖ್ಯೆಯಲ್ಲೇ ಬರುವುದರಿಂದ 33ಕ್ಕೆ ಹತ್ತಿರದ 34. ಮೇಲಿನ ಅಳತೆ ಪಟ್ಟಿಗಿಂತ ಮೂರು ಇಂಚು ಜಾಸ್ತಿ, ಅಂದರೆ ಸಿ. 34ಸಿ ಹಾಕಿ ನೋಡಿ. ನಿಮ್ಮ 36ಬಿ ಕಪ್ ಜಾಗವೇ ಇದರಲ್ಲೂ ಇರುತ್ತದೆ, ಪಟ್ಟಿ ಮಾತ್ರ ಬಿಗಿ. ಹಾಕಿದ ಮೇಲೆ ಸ್ವಲ್ಪ ಮುಂದೆ ಬಗ್ಗಿ, ಕಂಕುಳ ಕಡೆಯಿಂದ ಕೈಯಲ್ಲಿ ಒಳಗೆ ಸರಿಸಿಕೊಳ್ಳಿ. ಗೋರ್ ಎದೆಮೂಳೆಗೆ ತಾಗಿ ಕೂರಬೇಕು. ಕನ್ನಡಿಯಲ್ಲಿ ಬೆನ್ನು ನೋಡಿದರೆ ಪಟ್ಟಿ ನೆಟ್ಟಗೆ ಇರಬೇಕು.

ಕಾವೇರಿತೀರ

ನಾಲ್ಕು ದಿನ ಆಯಿತು ಅಕ್ಕಾ, 34ಸಿ ಹಾಕುತ್ತಿದ್ದೇನೆ. ಮೊದಲ ದಿನ ಬಿಗಿ ಅನ್ನಿಸಿತು. ಇವತ್ತು ಆಫೀಸಿನಿಂದ ಬಂದು ಬೆನ್ನು ನೋಡಿದೆ. ಪಟ್ಟಿ ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ ಇದೆ. ಭುಜದಲ್ಲಿ ಗೆರೆ ಇಲ್ಲ. ಹದಿನೈದು ವರ್ಷ ನನ್ನ ಮೈಯನ್ನೇ ಬೈದುಕೊಂಡೆ.

ಸೂಜಿದಾರ

ಯಾವ ಹುಕ್ಕಿಗೆ ಹಾಕಿದ್ದೀರಿ?

ಕಾವೇರಿತೀರ

ಒಳಗಿನದಕ್ಕೆ, ತೀರಾ ಬಿಗಿ ಬರುವುದಕ್ಕೆ.

ಸೂಜಿದಾರ

ಹೊರಗಿನದಕ್ಕೆ ಹಾಕಿ ತಂಗಿ. ಹೊಸದು ಯಾವಾಗಲೂ ತುದಿಯ, ಸಡಿಲದ ಹುಕ್ಕಿನಲ್ಲೇ ಸರಿಯಾಗಿ ಕೂರಬೇಕು. ಒಗೆದು ಒಗೆದು ಎಲಾಸ್ಟಿಕ್ ಸಡಿಲ ಆದ ಹಾಗೆ ಒಂದೊಂದೇ ಒಳಗೆ ಬನ್ನಿ. ಆ ಸಾಲುಗಳನ್ನು ಇಡುವುದೇ ಅದಕ್ಕೆ.